ಮ್ಯಾಲ ಅಂದ್ರ ಯಾವ ಕಡಿ

ಸ್ಟಾಫ್ ರೂಮಿನಾಗ ಪೇಡೆ ಹಂಚಾಕತ್ತಿದ್ರು. ನಾ ಒಳಗ ಕಾಲಿಟ್ಟಕೂಡ್ಲೆ ಕೆಮಿಸ್ಟ್ರಿ ಮೇಡಂ ಒಂದು ಪೇಡೆ ತಂದು ನನ್ನ ಬಾಯಿಗೇ ಇಟ್ಟು, "ಏನವಾ ಅರ್ಜುಮಂದ್, ನಮಗೊಂದು ಮಾತು ಹೇಳಲಾರದ ಪೇಪರ್ ಮಾಡೀಯಲ್ಲ! ಅದೂ ಫಾರಿನ್ ಜರ್ನಲ್ಲಿನಾಗ!" ಅಂದ್ರು. ನಾ ಪೇಡೆ ಜಗಕೋತ ಪಿಳಿಪಿಳಿ ನೋಡಿದೆ. ಯಾವ ಪೇಪರ್? ನನಗ ಗೊತ್ತಿದ್ರಲ್ಲ ನಿಮಗ ಹೇಳೋದು!

ಮೊಬೈಲಿನಾಗ ತೆರದು ನೋಡಿದೆ. ಹೌದು, ನನ್ನದೇ ಹೆಸರು, ಎಲ್ಲಾರಕಿಂತ ಮುಂದ. ಅದರ ಹಿಂದ ನನ್ನ ಗೈಡ್ ಡಾಕ್ಟರ್ ಶಿವಕಾಂತ ಸರ್ ಹೆಸರು. ಕೆಳಗೊಂದು ಪಟ್ಟಿ, ಪಟ್ಟಿ ತುಂಬ ಅಂಕಿ, ಒಂದಕ್ಕೊಂದು ಹೊಂದಿಕೊಂಡು ಸಾಲಾಗಿ ಕುಂತಿದ್ವು. ಅಷ್ಟು ಚೆಂದನ ಅಂಕಿ ನಾ ನನ್ನ ಜನ್ಮದಾಗ ಅಳದಿಲ್ಲ. 

ನಾ ಮಸ್ಕಿಯಾಕಿ. ಲಿಂಗಸುಗೂರಿನ ಒಂದು ಖಾಸಗಿ ಕಾಲೇಜಿನಾಗ ಫಿಜಿಕ್ಸ್ ಹೇಳಿಕೋತ, ಅಲ್ಲೇ ಹಿಂದಿನ ಕೋಣ್ಯಾಗ ಪಿಎಚ್‌ಡಿ ಮಾಡಾಕ ಹತ್ತಿ ಆರು ವರ್ಷ ಆಗಾಕ ಬಂದಿತ್ತು. ದಿನಾ ಮುಂಜಾನೆ ಬಸ್ಸು, ದಿನಾ ಸಂಜಿಗೆ ಬಸ್ಸು. ಆರು ವರ್ಷ ತುಂಬಿದ ದಿನ ನೋಂದಣಿ ಬಿದ್ದುಹೋಗತೈತಿ, ಅದು ಕಾನೂನು. ನನ್ನವು ಅದೇ ತಿಂಗಳ ಮೂವತ್ತನೇ ತಾರೀಖಿಗೆ ತುಂಬತಿದ್ವು. ಅಷ್ಟರೊಳಗ ಗೈಡ್ ಸಹಿ ಹಾಕಿದ ಫಾರ್ಮು ಯೂನಿವರ್ಸಿಟಿಗೆ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಓದಿದ್ದು, ಅಳದಿದ್ದು, ಬಸ್ಸಿನಾಗ ನಿಂತು ಬಂದಿದ್ದು, ಎಲ್ಲಾ ಹೋತು.

ನನ್ನ ಕೆಲಸ ಏನಂತ ಮೊದಲ ಹೇಳಿಬಿಡತೀನಿ, ಇಲ್ಲಂದ್ರ ನನ್ನ ಸಿಟ್ಟು ನಿಮಗ ತಿಳಿಯಂಗಿಲ್ಲ. ಸೋಲಾರ್ ಅಂದ್ರ ನೀವು ನೋಡಿದ್ದು ಮಾಳಿಗಿ ಮ್ಯಾಲಿನ ಗಾಜಿನ ತಾಟು. ಈಗ ಇನ್ನೊಂದು ನಮೂನಿ ಬರಾಕತ್ತೈತಿ. ಪ್ಲಾಸ್ಟಿಕ್ ಜಾತಿದು ಒಂದು ಪಾಲಿಮರ್, ಅದನ್ನ ಟಾಲ್ಯುಯೀನ್ ಅನ್ನೋ ದ್ರವದಾಗ ಕರಗಿಸಿದ್ರ ಕೇಸರಿ ಬಣ್ಣದ ಮಸಿ ಆಗತೈತಿ. ಆ ಮಸಿ ತೆಳ್ಳನ ಹಾಳಿಗೆ ಬಳದು ಒಣಗಿಸಿದ್ರ ಬಿಸಿಲಿಗೆ ಕರೆಂಟ್ ಕೊಡತೈತಿ. ತಕರಾರು ಇರೋದು ಒಣಗೋದ್ರಾಗ. ಒಣಗುವಾಗ ಒಂದು ಕಡಿ ಬಿಸಿ, ಒಂದು ಕಡಿ ತಂಪು, ಪಾಲಿಮರ್ ಬಿಸಿ ಬಿಟ್ಟು ತಂಪಿನ ಕಡಿಗೆ ಸರೀತೈತಿ. ಇದಕ್ಕ ಉಷ್ಣವಿಸರಣೆ ಅಂತಾರ. ಬಿಸಿ-ತಂಪು ಇಲ್ಲದನೂ ಅದು ದಟ್ಟ ಇದ್ದಲ್ಲಿಂದ ತೆಳು ಇದ್ದಲ್ಲಿಗೆ ತಾನಾಗೆ ಹರಡತೈತಿ, ಅದು ಬರೇ ವಿಸರಣೆ. ಎರಡೂ ಎಷ್ಟೆಷ್ಟು ಅಂತ ಗೊತ್ತಿದ್ರ ಹಾಳಿ ಸಾಪಾಗಿ ಬರತೈತಿ, ಇಲ್ಲಂದ್ರ ಕಲೆ ಬಿದ್ದು ಕೆಡತೈತಿ. ಆ 'ಎಷ್ಟು' ಹುಡುಕೋದು ನನ್ನ ಕೆಲಸ.

ಹುಡುಕೋದು ಹ್ಯಾಂಗ? ಎರಡು ತಾಮ್ರದ ತಾಟು, ನಡುವ ಎರಡು ಮಿಲಿಮೀಟರ್ ಸಂದು, ಆ ಸಂದಿನಾಗ ಮಸಿ. ಮ್ಯಾಲಿನ ತಾಟು ಬಿಸಿ, ಕೆಳಗಿನ ತಾಟು ತಂಪು. ಇದನ್ನ ನಾವು ಸೆಲ್ ಅಂತೀವಿ. ಮಗ್ಗಲಿನ ಗಾಜಿನಿಂದ ಒಂದು ಕೆಂಪು ಲೇಸರ್ ಬಿಟ್ರ, ಪಾಲಿಮರ್ ಸರದಂಗ ಸರದಂಗ ಬೆಳಕು ಬಾಗತೈತಿ, ಎದುರಿನ ಗೋಡಿ ಮ್ಯಾಲಿನ ಕೆಂಪು ಬೊಟ್ಟು ಕೂದಲೆಳಿಯಷ್ಟು, ಕೂದಲೆಳಿಯಷ್ಟು ಸರೀತೈತಿ. ಏಳು ತಾಸು ಹಿಡೀತೈತಿ. ನನ್ನಂಥ ಸಿಟ್ಟಿನಾಕಿಗೆ ಇಂಥ ನಿಧಾನದ ಕೆಲಸ ಯಾರು ಹಚ್ಚಿದ್ರೋ!

ಬಿಸಿ ಯಾವತ್ತಿದ್ರೂ ಮ್ಯಾಲೇ ಇರಬೇಕು, ಇದೊಂದು ನೆನಪಿಡ್ರಿ. ಅನ್ನದ ಎಸರಿಗೆ ಕೆಳಗಿಂದ ಉರಿ ಹಾಕಿದ್ರ ನೀರು ಹೊರಳಾಡತೈತಿಲ್ಲ? ಸೆಲ್ಲಿನಾಗೂ ಹಂಗ. ಕೆಳಗಿಂದ ಕಾಸಿದ್ರ ದ್ರವ ಹೊರಳಿ ಎಲ್ಲಾ ಕಲಸಿಹೋಗತೈತಿ, ಪಾಲಿಮರ್ ತಾನಾಗೆ ಎಷ್ಟು ಸರೀತು ಅನ್ನೋದು ಯಾರಪ್ಪಗೂ ತಿಳಿಯಂಗಿಲ್ಲ.

ನನ್ನ ಅಂಕಿ ಮೂರು ವರ್ಷದಿಂದ ನೆಟ್ಟಗ ಬಂದಿದ್ದಿಲ್ಲ. ಇವತ್ತೊಂದು, ನಾಳೆ ಅದರ ಮೂರು ಪಟ್ಟು, ನಾಡಿದ್ದು ಏನೂ ಇಲ್ಲ. ಮುನ್ನೂರು ಸಲ ಅಳದಿರಬೇಕು. ಮಸಿ ಬದಲಿ ಮಾಡಿದೆ, ಲೇಸರ್ ಬದಲಿ ಮಾಡಿದೆ, ಗಾಜು ಒರೆಸಿ ಒರೆಸಿ ಬೆರಳು ಸವದ್ವು. ಅಂಥಾದ್ರಾಗ ನನ್ನ ಹೆಸರಿನ ಕೆಳಗ ಈ ಚೆಂದದ ಪಟ್ಟಿ ಎಲ್ಲಿಂದ ಬಂತು?

ಸೀದಾ ಶಿವಕಾಂತ ಸರ್ ರೂಮಿಗೆ ಹೋದೆ. ಅವರು ಪೇಡೆ ಡಬ್ಬಿ ಮುಂದಿಟ್ಕೊಂಡು ಕುಂತಿದ್ರು.

"ಸರ್, ಈ ಅಂಕಿ ಎಲ್ಲಿವು?"

"ನಿನ್ನವು."

"ನನ್ನವಲ್ರೀ ಸರ್."

"ನಿನ್ನ ಅಂಕಿ ಕುಣೀತಿದ್ವು. ನಾ ಹಿಡದು ಕುಂದರಿಸೀನಿ, ಅಷ್ಟ." ನಕ್ಕರು. "ಹೊರದೇಶದವರು ಇದೇ ಪಾಲಿಮರ್, ಇದೇ ಟಾಲ್ಯುಯೀನ್ ಹಿಡದು ಅಳದಾರ. ಅದನ್ನ ನೋಡಿ ಅಲ್ಲೊಂದು ಇಲ್ಲೊಂದು ಹೆಚ್ಚುಕಮ್ಮಿ ಮಾಡೀನಿ. ನಿಸರ್ಗ ಅವರಿಗೊಂದು, ಲಿಂಗಸುಗೂರಿಗೊಂದು ಇರತೈತೇನು?"

"ಸರ್, ಅವರದು ಉದ್ದ ಸರಪಳಿಯ ಪಾಲಿಮರ್, ನಮ್ಮದು ಗಿಡ್ಡದು. ಹೆಸರೊಂದ ಅಂತ ಅಂಕಿ ಒಂದ ಆಗತೈತೇನ್ರೀ?"

"ಮುನ್ನೂರು ಸಲ ಅಳದು ಒಂದು ಅಂಕಿ ನೆಟ್ಟಗ ತರಲಿಕ್ಕೆ ಆಗದಾಕಿ, ನನಗ ಪಾಠ ಹೇಳತೀಯಾ?" ಈಗ ನಗು ಹೋತು. "ಪೇಪರ್ ಇಲ್ಲಂದ್ರ ಥೀಸಿಸ್ ತಗೊಳಂಗಿಲ್ಲ. ಮೂವತ್ತಕ್ಕ ನಿನ್ನ ನೋಂದಣಿ ಮುಗೀತೈತಿ. ನಿನ್ನ ಸಲುವಾಗೇ ಮಾಡೀನಿ. ಉಪಕಾರ ಸ್ಮರಣೆ ಅನ್ನೋದು ಬ್ಯಾಡೇನು? ಸಿಂಧನೂರಿನ ಲೇಥ್ ಅಂಗಡಿಯಾಗ ಮಾಡಿಸಿದ ಡಬ್ಬಿ ತಂದು ಸೆಲ್ಲು ಅಂತೀ. ಹೋಗು. ಆ ಡಬ್ಬಿಯಾಗಿಂದ ನಿಜವಾದ ಅಂಕಿ ಒಂದರ ತಂದು ತೋರಿಸು, ಆಮ್ಯಾಲ ಬಾಯಿ ಮಾಡು."

  ಆ ಮಾತಿನಾಗ ಒಂದು ಖರೇ ಇತ್ತು: ನನ್ನ ಹತ್ರ ನೆಟ್ಟನ ಅಂಕಿ ಇದ್ದಿಲ್ಲ. ಸುಳ್ಳುಗಾರ ಬೈಯುವಾಗ ಅದರಾಗ ಒಂದು ಖರೇ ಇತ್ತಂದ್ರ ಉರಿ ಎಷ್ಟಿರತೈತಿ ಅಂತ ಬೈಸಿಕೊಂಡವರಿಗೇ ಗೊತ್ತು. ಬಾಗಿಲು ದಢಾರ್ ಅಂತ ಹಾಕಿ ಬಂದೆ.

ಮನಿಗೆ ಬಂದ್ರ ಅಲ್ಲಿ ಇನ್ನೊಂದು. ಯಾರೋ ಫೋನ್ ಮಾಡಿ ಅಮ್ಮಿಗೆ ಸುದ್ದಿ ಹೇಳಿದ್ರು. ನಮ್ಮಮ್ಮಿ ರಾಜಾಬೀಗೆ ಓದಾಕ ಬರಂಗಿಲ್ಲ, ಆದ್ರ ಓಣಿ ತುಂಬ, "ಮಗಳ ಹೆಸರು ಛಾಪಾ ಆಗೈತಿ" ಅಂತ ಹೇಳಿ ಬಂದಿದ್ದಳು.

"ಅಮ್ಮಿ, ಬೋಲ್ ನಕ್ಕೋ! ಯಾರಿಗೂ ಹೇಳಬ್ಯಾಡ!" ಅಂತ ಚೀರಿದೆ. ಪಾಪ, ಆಕಿಗೇನು ಗೊತ್ತು, ಹೆದರಿ ಒಳಗ ಹೋದಳು. ಆಮ್ಯಾಲ ನನಗ ನನ್ನ ಮ್ಯಾಲೇ ಸಿಟ್ಟು ಬಂತು. ಆದ್ರ ಹೋಗಿ ಸಮಾಧಾನ ಮಾಡಲಿಲ್ಲ. ಹಂಗೇ ಮಕ್ಕೊಂಡೆ.

ಮಾರನೇ ದಿನ ಸೆಲ್ಲನ್ನ ಟವೆಲ್ಲಿನಾಗ ಸುತ್ತಿ ಚೀಲಕ್ಕ ಹಾಕ್ಕೊಂಡು ಸಿಂಧನೂರು ಬಸ್ ಹತ್ತಿದೆ. ಗೈಡಿನ ಮ್ಯಾಲ ತೀರಿಸಲಾರದ ಸಿಟ್ಟು ಯಾರ ಮ್ಯಾಲರ ತೀರಿಸಬೇಕಲ್ಲ? ಸೆಲ್ಲು ಮಾಡಿಕೊಟ್ಟ ಮಹಮ್ಮದಸಾಬ ಚಾಚಾ ಇದ್ದರು.

ಚಾಚಾ ಕಾಲುವಿ ದಂಡಿಯ ಬಳಗಾನೂರಿನವರು. ಸಿಂಧನೂರಿಗೆ ಬಂದು ಲೇಥ್ ಹಾಕಿ ಮೂವತ್ತು ವರ್ಷ ಆಗೈತಿ. ಭತ್ತ ಕೊಯ್ಯೋ ಮಷೀನಿನ ಮುರಿದ ಹಲ್ಲು, ಕಾಲುವಿ ಗೇಟಿನ ತಿರುಪು, ಹೊಲಕ್ಕ ನೀರು ಬಿಡೋ ತೂಬು, ಇವು ಅವರ ಕೆಲಸ. ತಾಮ್ರದಾಗ ಕೂದಲೆಳಿ ಲೆಕ್ಕದ ಕೆಲಸ ಮಾಡೋರು ಸುತ್ತಮುತ್ತ ಅವರೊಬ್ಬರೇ ಅಂತ ಹುಡುಕಿಕೊಂಡು ಹೋಗಿದ್ದೆ. ಕೈ ಚಿನ್ನ. ಅದು ಸುಳ್ಳಲ್ಲ.

ಆವತ್ತು ಮಾತ್ರ ಸಲಾಮೂ ಇಲ್ಲ, ಎಂಥದೂ ಇಲ್ಲ. ಟವೆಲ್ ಬಿಚ್ಚಿ ಸೆಲ್ಲನ್ನ ಅವರ ಮೇಜಿಗೆ ಕುಕ್ಕಿದೆ.

"ಏನು ಮಾಡಿಕೊಟ್ಟೀರಿ ಚಾಚಾ ಇದು? ಎಲ್ಲಿ ಸಂದು ಬಿಟ್ಟೀರಿ? ಎಲ್ಲಿ ಸೋರತೈತಿ? ಮೂರು ವರ್ಷ ನನ್ನ ಪ್ರಾಣ ತಿಂದೈತಿ!"

"ಕೈಕು ಗುಸ್ಸಾ ಬೇಟಿ, ಯಾಕಿಷ್ಟು ಸಿಟ್ಟು, ಮೊದಲ ಕುಂದರು," ಅಂದ್ರು.

"ನಾ ಕುಂದರಾಕ ಬಂದಿಲ್ಲ!"

ಲೇಥ್ ನಿಲ್ಲಿಸಿದ್ರು. ಕನ್ನಡಕ ಹಾಕ್ಕೊಂಡು ಸೆಲ್ಲನ್ನ ತಿರುವಿ ಮುರುವಿ ನೋಡಿದ್ರು. "ನನ್ನ ಕೆಲಸದಾಗ ಸೋರೋದು ಇಲ್ಲ," ಅಂದ್ರು, ಅವರಿಗೂ ಸಿಟ್ಟು ಬಂದಿತ್ತು. "ಮೂವತ್ತು ವರ್ಷದಾಗ ನನ್ನ ತೂಬು ಸೋರೈತಿ ಅಂದವರಿಲ್ಲ. ನಿನ್ನ ಎದುರಿಗೇ ಬಿಚ್ಚತೀನಿ, ನೋಡು. ಸೋರಿದ್ರ ಲೇಥ್ ಮಾರಿ ಊರಿಗೆ ಹೋಗತೀನಿ."

ಆ ಸೆಲ್ಲು ಹ್ಯಾಂಗಿತ್ತಂದ್ರ, ಹೊರಗ ಚೌಕನ ತಗಡಿನ ಡಬ್ಬಿ, ಒಳಗ ಶಾಖ ಹೊರಗ ಹೋಗಬಾರದಂತ ಸುತ್ತ ಥರ್ಮೋಕೋಲ್, ಅದರೊಳಗ ತಾಟು. ಹೀಟರ್ ವೈರು, ತಣ್ಣೀರಿನ ಕೊಳವಿ ಎಲ್ಲಾ ಒಂದೇ ಮಗ್ಗಲದಿಂದ ಹೊರಗ ಬರತಿದ್ವು. ಮುಚ್ಚಿದ ಮ್ಯಾಲ ಎರಡೂ ಮುಖ ಒಂದೇ ನಮೂನಿ. ಅದಕ್ಕ ನಾನೇ ಚಾಚಾಗ ಹೇಳಿದ್ದೆ, ಮುಚ್ಚೋಕಿಂತ ಮೊದಲ ಮ್ಯಾಲಿನ ಕಡಿ ಯಾವುದು, ಕೆಳಗಿನ ಕಡಿ ಯಾವುದು ಅಂತ ಗುರುತು ಕೊರೀರಿ ಅಂತ. ಕೊರದಿದ್ರು. ಒಂದು ಮುಖಕ್ಕ 'ಮ್ಯಾ', ಇನ್ನೊಂದಕ್ಕ 'ಕೆ'. ಮೂರು ವರ್ಷ ನಾ 'ಮ್ಯಾ' ಮ್ಯಾಲ ಮಾಡಿ ಇಟ್ಟೀನಿ.

ಚಾಚಾ ಎಂಟು ತಿರುಪು ಬಿಚ್ಚಿ 'ಮ್ಯಾ' ಕಡಿ ತಗಡು ಎತ್ತಿದ್ರು. ಥರ್ಮೋಕೋಲ್ ಸರಿಸಿದ್ರು. ನಾ ಬಗ್ಗಿ ನೋಡಿದೆ.

ತಣ್ಣೀರಿನ ಕೊಳವಿ ಕಾಣಸ್ತು.

"ಚಾಚಾ, ಇದು ತಂಪಿನ ತಾಟು."

"ಹೌದು."

"ಇದು 'ಕೆ' ಆಗಬೇಕಲ್ಲ? 'ಮ್ಯಾ' ಅಂತ ಯಾಕ ಕೊರದೀರಿ?"

"ಮ್ಯಾಲಿನ ಕಡಿ ಇದೇ ಅಲ್ಲೇನವಾ? ನೀನೇ ಹೇಳಿದ್ದಿ, ಮಸಿ ತುಂಬೋ ತೂತು ತಂಪಿನ ತಾಟಿಗೆ ಇಡ್ರಿ ಅಂತ. ಇಟ್ಟೀನಿ. ಮಸಿ ಈ ಕಡಿಂದ ಬರತೈತಿ. ಬರೋ ಕಡಿ ಮ್ಯಾಲ, ಹೋಗೋ ಕಡಿ ಕೆಳಗ."

ನನಗ ತಿಳೀಲಿಲ್ಲ. ತಿಳೀತು. ಮತ್ತ ತಿಳೀಲಿಲ್ಲ.

"ಚಾಚಾ," ಅಂದೆ, "ಮ್ಯಾಲ ಅಂದ್ರ ಯಾವ ಕಡಿ?"

ಈಕಿಗೆ ತಲಿ ಕೆಟ್ಟೈತಿ ಅನ್ನೋವರಂಗ ನನ್ನ ನೋಡಿ, ಕೈ ಚಾಚಿ ತೋರಿಸಿದ್ರು. ಕೈ ಆಕಾಶಕ್ಕ ಹೋಗಲಿಲ್ಲ. ಅಡ್ಡಕ್ಕ, ನೆಟ್ಟಗ, ಬಾಗಿಲಿನ ಹೊರಗ ರಸ್ತಾದ ಕಡಿಗೆ ಹೋತು. "ಕಾರಟಗಿ ಕಡಿ. ನೀರು ಬರೋ ಕಡಿ. ಮತ್ತೇನು? ಮ್ಯಾಲಿನವರು ಗೇಟು ಎತ್ತಿಕೊಂಡ್ರು, ಕೆಳಗಿನವರಿಗೆ ನೀರಿಲ್ಲ ಅಂತ ದಿನಾ ಬಡದಾಡತಾರಲ್ಲ, ಅದೇ ಮ್ಯಾಲ, ಅದೇ ಕೆಳಗ."

ಯಾ ಅಲ್ಲಾ! ನಾ ಹಂಗೇ ಕುಂತುಬಿಟ್ಟೆ. ಕುಂದರಾಕ ಬಂದಿಲ್ಲ ಅಂದಾಕಿ.

ನಮ್ಮದು ಮಸ್ಕಿಯ ಒಣಭೂಮಿ ಕಡಿ. ಮಳಿ ಬಂದ್ರ ಬೆಳಿ, ಇಲ್ಲಂದ್ರ ಇಲ್ಲ. ನಮಗ ಮ್ಯಾಲ ಅಂದ್ರ ಮೋಡ ಇರೋ ಕಡಿ. ಬಸ್ಸಿನಾಗ ಒಂದು ತಾಸಿನ ಹಾದಿ ಇಲ್ಲ, ಕಾಲುವಿ ದಂಡಿಯಾಗ ಹುಟ್ಟಿದವರಿಗೆ ಅದೇ ಮಾತು ಬ್ಯಾರೆ. ತೂಬು ಮಾಡೋ ಮನುಷ್ಯಾಗ ನಾ 'ಮ್ಯಾಲ' ಅಂದೆ, ಅವರು ತೂಬಿನ ಮ್ಯಾಲ ತಿಳಕೊಂಡ್ರು. ಮೂರು ವರ್ಷ ನಾ ಸೆಲ್ಲಿಗೆ ಕೆಳಗಿಂದ ಉರಿ ಹಾಕೀನಿ, ಎಸರು ಹೊರಳಾಡೈತಿ, ನಾ ಹೊರಳಾಡೋದನ್ನ ಅಳದು ಅಳದು ಬರದೀನಿ.

"ಹೀಟರ್ ಮ್ಯಾಲ ಬರಬೇಕು ಅಂತ ಚಿತ್ರ ಬರದಿದ್ದೆನಲ್ಲ ಚಾಚಾ!"

"ಚಿತ್ರ ಮೇಜಿನ ಮ್ಯಾಲ ಮಕ್ಕೊಂಡಿತ್ತು. ಮಕ್ಕೊಂಡ ಚಿತ್ರಕ್ಕ ಯಾವ ಮ್ಯಾಲ, ಯಾವ ಕೆಳಗ?" ಚಾಚಾನ ದನಿ ಏರಿತು. "ಆಕಾಶದ ಕಡಿ ಅಂತ ಬಾಯಿ ಬಿಟ್ಟು ಅನ್ನಬೇಕಿತ್ತಿಲ್ಲ? ತಂದ ದಿನ ನೀನೇ ಫೋನ್ ಮಾಡಿದ್ದಿ, ತೂತು ಮ್ಯಾಲ ಯಾಕ ಬಂದೈತಿ ಅಂತ. ನಾ ಏನಂದೆ? ಮ್ಯಾಲಿಂದ ಅಲ್ಲದ ಮತ್ತೆಲ್ಲಿಂದ ಬರತೈತಿ ಅಂದೆ. ಆವತ್ತೇ ಬಂದು ಬಿಚ್ಚಿಸಿ ನೋಡಬೇಕಿತ್ತು ನೀ!"

ಅದು ಖರೇ ಇತ್ತು. ತೂತು ಕೆಳಗ ಇರಬೇಕಂತ ನಾನೇ ಚಿತ್ರ ಬರದಿದ್ದು, ಕೆಳಗಿಂದ ತುಂಬಿದ್ರ ಗುಳ್ಳಿ ಉಳಿಯಂಗಿಲ್ಲಂತ. ತೂತು ಮ್ಯಾಲ ಬಂದಿದ್ದು ನೋಡಿ ಚಾಚಾ ತೂತಿನ ಜಾಗ ತಪ್ಪ್ಯಾರ ಅನ್ಕೊಂಡೆ, ಇರಲಿ ಬಿಡು, ಮ್ಯಾಲಿಂದ ಸುರಿಯೋದು ಸಸಾರ ಅಂತ ಬಿಟ್ಟೆ. ಇನ್ನೊಂದೂ ಇತ್ತು. ತಾಟು ಕಾಸಿದಕೂಡ್ಲೆ ಬರೇ ಬಿಸಿಗೇ ಬೊಟ್ಟು ಒಮ್ಮೆ ಜಿಗೀತೈತಿ, ಆ ಜಿಗಿತ ಲೆಕ್ಕಕ್ಕ ಉಲ್ಟಾ ಕಡಿಗಿತ್ತು. ಲೇಸರಿನ ಹಾದ್ಯಾಗ ಒಂದು ಕನ್ನಡಿ ಇಟ್ಟೀನಿ, ತಿರುಗಿ ಬೀಳತೈತೇನೋ ಅಂತ ನನಗ ನಾನೇ ಹೇಳಿಕೊಂಡಿದ್ದೆ. ಕಣ್ಣಿಗೆ ಹೊಡದಂಗ ಎರಡು ಸಲ ಹೇಳಿತ್ತು ಆ ಡಬ್ಬಿ, ನಾ ಕೇಳಲಿಲ್ಲ. ಥೂ ನನ್ನ!

ಚಾಚಾ ಎಂಟೂ ತಿರುಪು ಮತ್ತ ಹಾಕಿ ಬಿಗಿಮಾಡಿದ್ರು. 'ಮ್ಯಾ' ಅಳಿಸಿ, ಹೀಟರಿನ ಮುಖಕ್ಕ ದೊಡ್ಡದಾಗಿ 'ಆಕಾಶ' ಅಂತ ಕೊರದ್ರು. ಕೊರೀತಾ ಕೊರೀತಾ ಅವರ ಕಣ್ಣು ತುಂಬಿದ್ವು. "ಮೂರು ವರ್ಷ, ಬೇಟಿ?" ಅಂದ್ರು. ನಾ ಹೂಂ ಅಂದೆ. ಅವರ ಮ್ಯಾಲಿನ ಸಿಟ್ಟು ಎಲ್ಲಿ ಹೋತೋ ಗೊತ್ತಾಗಲಿಲ್ಲ, ಚಾ ತರಿಸಿದ್ರು, ಇಬ್ಬರೂ ಕುಡದ್ವಿ.

ಮರುದಿನ, ಇಪ್ಪತ್ತೇಳನೇ ತಾರೀಖು, ಕಾಲೇಜಿಗೆ ರಜಾ. ಕಾವಲಿನವರ ಹತ್ರ ಕೀಲಿ ಇಸಕೊಂಡು ಒಂಬತ್ತಕ್ಕ ಶುರು ಮಾಡಿದೆ. ಸೆಲ್ಲನ್ನ ಬುಡಮ್ಯಾಲ ಮಾಡಿ ಇಟ್ಟೆ. ಮೂರು ವರ್ಷದ ಸಂಕಟಕ್ಕ ಔಷಧ ಇಷ್ಟ! ಅಂಗೈಯಗಲ ಡಬ್ಬಿ ತಿರುವಿ ಇಡೋದು! ಸಿರಿಂಜಿನಿಂದ ಕೆಳಗಿನ ತೂತಿಗೆ ಮಸಿ ಏರಿಸಿದೆ, ಒಂದೂ ಗುಳ್ಳಿ ಇಲ್ಲ. ಹೀಟರ್ ಹಾಕಿದೆ. ಬೊಟ್ಟು ಒಮ್ಮೆ ಜಿಗೀತು, ಈ ಸಲ ಲೆಕ್ಕ ಹೇಳಿದ ಕಡಿಗೇ ಜಿಗೀತು. ಆಮ್ಯಾಲ ನಿಂತು, ಸರಿಯಾಕ ಹತ್ತಿತು. ನಡುಗಲಿಲ್ಲ, ಕುಣೀಲಿಲ್ಲ. ಹತ್ತತ್ತು ನಿಮಿಷಕ್ಕ ಬರದೆ. ಮೊದಲು ಜೋರು, ಆಮ್ಯಾಲ ನಿಧಾನ, ಆಮ್ಯಾಲ ಇನ್ನೂ ನಿಧಾನ. ನಾಲ್ಕು ಗಂಟೆಗೆ ಹೋಗಿ ನಿಂತಿತು. ಬರದ ಚುಕ್ಕಿ ಎಲ್ಲಾ ಕೂಡಿಸಿದ್ರ ಪುಸ್ತಕದಾಗಿನ ಗೆರಿನೇ ಬಂತು. ನಾ ಒಬ್ಬಾಕಿನೇ ಆ ಕೋಣ್ಯಾಗ ಹುಚ್ಚಿ ಹಂಗ ನಕ್ಕೆ, ಆಮ್ಯಾಲ ಅತ್ತೆ.

ಲೆಕ್ಕ ಹಾಕಿದೆ. ಪೇಪರಿನಾಗ ಛಾಪಾ ಆಗಿದ್ದ ಅಂಕಿಗೆ ನನ್ನದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಗಿಡ್ಡ ಸರಪಳಿಗೆ ಅದೇ ಬರಬೇಕಿತ್ತು. ಇಪ್ಪತ್ತೆಂಟನೇ ತಾರೀಖಿಗೆ ಸೆಲ್ಲು ಹಂಗೇ ಇಟ್ಟು, ಹೊಸ ಮಸಿ ಹಾಕಿ ಮತ್ತ ಶುರು ಮಾಡಿದೆ, ಮತ್ತ ಅದೇ ಹಾದಿ ಹಿಡೀತು.

ಅವತ್ತು ಮೂರು ಗಂಟೆಗೆ ಶಿವಕಾಂತ ಸರ್ ಬಂದ್ರು. ನಾನೇ ಬರ್ರಿ ಅಂತ ಫೋನ್ ಮಾಡಿದ್ದೆ. ಕುರ್ಚಿ ಎಳಕೊಂಡು ಗೋಡಿ ಮುಂದ ಕುಂತ್ರು.  ನನ್ನ ನೋಟ್‌ಬುಕ್ ನೋಡಿದ್ರು, ಬೊಟ್ಟು ನೋಡಿದ್ರು, ಮತ್ತ ನೋಟ್‌ಬುಕ್. ನಾ ತಪ್ಪು ಎಲ್ಲಾ ಒಪ್ಪಿಕೊಂಡೆ, ಮ್ಯಾಲ-ಕೆಳಗಿನ ಕಥಿ ಹೇಳಿದೆ. ನಗಲಿಲ್ಲ ಅವರು.

"ಶಭಾಶ್," ಅಂದ್ರು. ಮನಸಿನಿಂದಲೇ ಅಂದ್ರು, ಅದೂ ಸುಳ್ಳಲ್ಲ. ಆ ಮನುಷ್ಯಾಗ ಫಿಜಿಕ್ಸ್ ಬರತಿತ್ತು. ಅದಕ್ಕೇ ನನಗ ಇನ್ನೂ ಉರಿಯೋದು.

"ಹಂಗಾದ್ರ ಆ ಪೇಪರ್ ವಾಪಸ್ ತಗೊಳ್ರಿ ಸರ್. ಇದನ್ನ ಬರೆಯೂಣು."

ಜೇಬಿನಿಂದ ಒಂದು ಫಾರ್ಮು ತಗದು ಮೇಜಿನ ಮ್ಯಾಲ ಬಿಡಿಸಿ ಇಟ್ರು. ನನ್ನ ಫಾರ್ಮು. ಎಲ್ಲಾ ತುಂಬಿತ್ತು, ಸಹಿ ಒಂದು ಬಿಟ್ಟು. ಪೆನ್ನಿನ ಟೋಪಿ ತಗದ್ರು.

"ನೋಡು, ಹೊಸಾ ಅಂಕಿ ಥೀಸಿಸ್‌ನ್ಯಾಗ ಹಾಕು, ನಾ ಬ್ಯಾಡ ಅನ್ನಂಗಿಲ್ಲ. ಇವತ್ತೇ ಸಹಿ ಮಾಡತೀನಿ. ಪೇಪರಿನ ಮಾತು ಮಾತ್ರ ತಗೀಬ್ಯಾಡ. 'ಹಿಂದಿನ ಅಂಕಿಯೂ ನಾವೇ ಅಳದಿದ್ದು, ಎರಡೂ ಸರಿ, ಮಸಿಯ ದಟ್ಟಣೆ ಬ್ಯಾರೆ ಇತ್ತು' ಅಂತ ಒಂದು ವಾಕ್ಯ ಬರದುಬಿಡು. ಒಂದೇ ವಾಕ್ಯ. ಯಾರು ನೋಡತಾರ?"

"ಬ್ಯಾರೆ ಎಲ್ಲೋ ಒಬ್ಬಾಕಿ ನೋಡತಾಳ್ರೀ. ನನ್ನಂಥಾಕಿ. ಆ ಅಂಕಿ ನಂಬಿ ಮಸಿ ಒಣಗಿಸತಾಳ. ಹಾಳಿ ಕೆಡತೈತಿ. ತನ್ನ ಕೈಯೇ ಸರಿ ಇಲ್ಲಂತ ಮೂರು ವರ್ಷ ತನ್ನನ್ನ ತಾನೇ ಬೈಕೊತಾಳ."

"ಭಾಷಣ ಬ್ಯಾಡ. ನಿಂದೂ ಮೂರು ವರ್ಷದ ನೋಟ್‌ಬುಕ್ ತುಂಬ ಸುಳ್ಳೇ ಐತಿ, ನನಗ ಹೇಳಾಕ ಬರತೀ!"

ಅಲ್ಲಿಗೆ ನನ್ನ ತಾಳ್ಮಿ ಮುಗೀತು. "ಅದು ತಪ್ಪು, ಸುಳ್ಳಲ್ಲ!" ಅಂತ ಎದ್ದು ನಿಂತು ಒದರಿದೆ. "ಬೊಟ್ಟು ಕುಣೀತು, ಕುಣದಿದ್ದೇ ಬರದೀನಿ. ಸೊನ್ನಿ ಬಂತು, ಸೊನ್ನಿನೇ ಬರದೀನಿ. ಒಂದು ಅಂಕಿ ಕುಂದರಿಸಿಲ್ಲ ನಾ. ತಪ್ಪು ನಂದು ಸರ್, ನೂರು ಸಲ ನಂದು. ಸುಳ್ಳು ನಿಮ್ಮದು. ಅದಕ್ಕ ನನ್ನ ಹೆಸರು ಹಚ್ಚಿ ಪೇಡೆ ಹಂಚೀರಿ!"

ಅವರು ಪೆನ್ನಿಗೆ ಟೋಪಿ ಹಾಕಿದ್ರು. ಅವಸರ ಇಲ್ಲದ, ನನಗ ಕಾಣೋಹಂಗ ಹಾಕಿದ್ರು. "ನಾಡಿದ್ದು ಮೂವತ್ತು," ಅಂದ್ರು. "ಎರಡು ದಿನದಾಗ ನಿನಗ ಬ್ಯಾರೆ ಗೈಡ್ ಸಿಗಂಗಿಲ್ಲ. ಆರು ವರ್ಷ, ಅರ್ಜುಮಂದ್. ಸಿಟ್ಟು ಇಳದ ಮ್ಯಾಲ ಬಾ."

ಅಂಜಿಕಿ ಆಗಲಿಲ್ಲ ಅಂದ್ರ ನಾನೂ ಸುಳ್ಳಿ ಆಗತೀನಿ.  ಫಾರ್ಮು ಮೊಳದ ದೂರದಾಗ ಬಿದ್ದಿತ್ತು. ನನಗ ಆ ಡಿಗ್ರಿ ಬೇಕಾಗಿತ್ತು, ಹಸದವರಿಗೆ ಅನ್ನ ಬೇಕಾದಂಗ ಬೇಕಾಗಿತ್ತು, ಅದರಾಗ ನಾಚಿಕಿ ಏನು? ಒಂದೇ ವಾಕ್ಯ. ಬರದ್ರ ನಾನೂ ಡಾಕ್ಟರ್. ಅದಾದ ಮ್ಯಾಲ ನಾ ಬರದ ಯಾವ ಅಂಕಿ ನಾನೇ ನಂಬಲಿ?

ಮೊಬೈಲ್ ತಗದೆ. ಜರ್ನಲ್ಲಿನ ಸಂಪಾದಕರ ಇಮೇಲ್ ಪೇಪರಿನ ಕೆಳಗೇ ಇತ್ತು. ಸರ್ ನೋಡಿಕೋತ ಕುಂತಿದ್ರು, ಮನಿಗೆ ಫೋನ್ ಹಚ್ಚತಾಳ ಅನ್ಕೊಂಡಿರಬೇಕು. ಒಂದೊಂದೇ ಅಕ್ಷರ ಒತ್ತಿ, ಬರದಿದ್ದನ್ನ ದೊಡ್ಡ ದನಿಲೆ ಕನ್ನಡದಾಗ ಓದಿ ಹೇಳಿದೆ. "ಈ ಪೇಪರಿನ ಪಟ್ಟಿಯಾಗಿನ ಅಂಕಿ ನಾ ಅಳದಿದ್ದಲ್ಲ. ನನ್ನ ಒಪ್ಪಿಗಿ ಇಲ್ಲದ ನನ್ನ ಹೆಸರು ಹಾಕ್ಯಾರ. ಪೇಪರ್ ತಗದು ಹಾಕ್ರಿ. ನಾ ಅಳದಿದ್ದು ಜೋಡಿ ಕಳಿಸೀನಿ, ನನ್ನ ಹಿಂದಿನ ಮೂರು ವರ್ಷದ ತಪ್ಪೂ ಅದರಾಗೈತಿ. ಇಂತಿ, ಅರ್ಜುಮಂದ್." ನೋಟ್‌ಬುಕ್ಕಿನ ಹಾಳಿ ಫೋಟೋ ಹೊಡದು ಜೋಡಿಸಿದೆ.

ಸರ್ ಎದ್ದ ರಭಸಕ್ಕ ಕುರ್ಚಿ ಹಿಂದಕ್ಕ ಬಿತ್ತು. ಮುಖ ಸುಣ್ಣ ಆಗಿತ್ತು. ಫಾರ್ಮು ಎತ್ತಿ ನನ್ನ ಕಡಿಗೆ ಚಾಚಿದ್ರು.

"ಕಳಿಸಬ್ಯಾಡ್ರೀ," ಅಂದ್ರು. "ನಿಮಗ ಕೈ ಮುಗೀತೀನ್ರೀ, ಅರ್ಜುಮಂದ್ ಅವರ."

ಆರು ವರ್ಷ ಆ ಮನುಷ್ಯ ನನಗ ಬಾ ಅಂದಾನ, ಹೋಗು ಅಂದಾನ, ಡಬ್ಬಿ ತಂದಾಕಿ ಅಂದಾನ. ಒಂದು ದಿನ ರೀ ಹಚ್ಚಿದ್ದಿಲ್ಲ.

"ಕಳಿಸಿ ಆಗೇತ್ರೀ ಸರ್," ಅಂದೆ.